ತಿಳಿಯುವ ಭಾಷೆಯಲ್ಲಿ ಸಮ್ಮತಿ: ಗರ್ಭನಿರೋಧ ವಿಧಾನದ ಆಯ್ಕೆ ಮತ್ತು ಗಡಿನಾಡುಗಳು

ಮಕ್ಕಳ ಸಂಖ್ಯೆಯನ್ನು ಮಿತಗೊಳಿಸುವ ಸರ್ಕಾರಿ ಕಾರ್ಯಕ್ರಮಕ್ಕೆ ನೆರೆಹೊರೆಯ ಭಾಷೆಗಳು ಇಟ್ಟುಕೊಂಡ ಹೆಸರುಗಳು ಒಂದೇ ಬಗೆಯವಲ್ಲ. ಕನ್ನಡದಲ್ಲಿ ಅದು ‘ಕುಟುಂಬ ಯೋಜನೆ’, ಮಲಯಾಳದಲ್ಲಿ ‘ಕುಟುಂಬಾಸೂತ್ರಣಂ’, ಮರಾಠಿಯಲ್ಲಿ ‘ಕುಟುಂಬ ನಿಯೋಜನ’. ಈ ಮೂರು ಪದಗಳಲ್ಲಿಯೂ ಮುಂದಾಲೋಚನೆಯ ಅರ್ಥವಿದೆ. ತಮಿಳಿನ ‘ಕುಡುಂಬಕ್ ಕಟ್ಟುಪ್ಪಾಡು’, ತೆಲುಗಿನ ‘ಕುಟುಂಬ ನಿಯಂತ್ರಣ’ ಎಂಬ ಪದಗಳಲ್ಲಿ ಕಾಣುವುದು ಹಿಡಿತದ, ಕಟ್ಟಿನ ಅರ್ಥ. ಒಂದೇ ಮನೆಮಾತಿನ ಕಾಸರಗೋಡಿನ ಹೆಣ್ಣು, ತಾಳವಾಡಿಯ ಹೆಣ್ಣು, ರಾಯದುರ್ಗದ ಹೆಣ್ಣು ಒಂದೇ ಕಾರ್ಯಕ್ರಮವನ್ನು ಮೂರು ಬೇರೆ ಹೆಸರುಗಳಲ್ಲಿ, ಎರಡು ಬೇರೆ ಧ್ವನಿಗಳಲ್ಲಿ ಕೇಳಿದ್ದಾರೆ. ಜನರ ಬಾಯಲ್ಲಿ ಮಾತ್ರ ಈ ಎಲ್ಲ ಹೆಸರುಗಳೂ ಕರಗಿ ‘ಆಪರೇಷನ್’ ಎಂಬ ಒಂದೇ ಮಾತು ಉಳಿದುಕೊಂಡಿತು. ‘ಎರಡಾದ ಮೇಲೆ ಆಪರೇಷನ್ ಆಯಿತು’ ಎಂದರೆ ಯಾರಿಗೆ, ಯಾವ ಆಪರೇಷನ್ ಎಂದು ವಿವರಿಸಬೇಕಾಗಿಲ್ಲ. ಹಲವು ವಿಧಾನಗಳ ನಡುವಿನ ಆಯ್ಕೆಯಾಗಬೇಕಾಗಿದ್ದ ಸಂಗತಿಯು ಒಂದೇ ಪದಕ್ಕೆ, ಒಂದೇ ದೇಹಕ್ಕೆ ಇಳಿದು ನಿಂತ ಬಗೆಯನ್ನು ಈ ಮಾತು ಸೂಚಿಸುತ್ತದೆ.

ತಕ್ಕ ಗರ್ಭನಿರೋಧ ವಿಧಾನವನ್ನು ಆರಿಸಿಕೊಳ್ಳುವುದೆಂದರೆ ವೈದ್ಯಶಾಸ್ತ್ರದ ದೃಷ್ಟಿಯಿಂದ ಹಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು. ಹೆಣ್ಣಿನ ವಯಸ್ಸೆಷ್ಟು, ಮಗು ಮೊಲೆಹಾಲು ಕುಡಿಯುತ್ತಿದೆಯೇ, ರಕ್ತದೊತ್ತಡವಿದೆಯೇ, ಮುಂದೆ ಮಕ್ಕಳು ಬೇಕೆಂಬ ಬಯಕೆಯಿದೆಯೇ, ಗಂಡನ ಸಹಕಾರವಿದೆಯೇ, ತೊಂದರೆಯಾದರೆ ಮರಳಿ ಬರಲು ಆಸ್ಪತ್ರೆ ಎಷ್ಟು ದೂರ — ಇವೆಲ್ಲವೂ ಮಾತಿನಲ್ಲಿಯೇ ಕೇಳಬೇಕಾದ, ಮಾತಿನಲ್ಲಿಯೇ ಹೇಳಬೇಕಾದ ವಿಷಯಗಳು. ಆದ್ದರಿಂದ ಆಯ್ಕೆಯ ಚರಿತ್ರೆಯು ಉಪಕರಣಗಳ ಚರಿತ್ರೆಯಾಗಿರುವಷ್ಟೇ ಸಂಭಾಷಣೆಯ ಚರಿತ್ರೆಯೂ ಆಗಿದೆ. ಆ ಸಂಭಾಷಣೆ ಯಾವ ಭಾಷೆಯಲ್ಲಿ ನಡೆಯಿತು, ಎಲ್ಲಿ ನಡೆಯಲೇ ಇಲ್ಲ ಎಂಬುದನ್ನು 1920ರ ದಶಕದಿಂದ ಇಂದಿನವರೆಗೆ ಪರಿಶೀಲಿಸುವುದು ಗಡಿನಾಡ ಕನ್ನಡಿಗರ ಮಟ್ಟಿಗೆ ಕೇವಲ ಗತಕಾಲದ ಕುತೂಹಲವಲ್ಲ.

1. ಮೂರು ಆಡಳಿತಗಳು, ಮೂರು ದಾರಿಗಳು

ಇಂದು ಗಡಿಯಾಚೆ ಎನಿಸಿಕೊಳ್ಳುವ ಕನ್ನಡ ಪ್ರದೇಶಗಳಲ್ಲಿ ಬಹುಪಾಲು ಆಗ ಮದರಾಸು ಮತ್ತು ಮುಂಬಯಿ ಆಧಿಪತ್ಯಗಳಲ್ಲಿ ಹಂಚಿಹೋಗಿದ್ದವು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಭಾಗ, ಆದವಾನಿ, ರಾಯದುರ್ಗಗಳು ಬಳ್ಳಾರಿ ಜಿಲ್ಲೆಯವು, ಮಡಕಶಿರಾ ಅನಂತಪುರದ್ದು, ಹೊಸೂರು ಸೇಲಂ ಜಿಲ್ಲೆಯದು. ಇವೆಲ್ಲವೂ ನೀಲಗಿರಿ, ವಯನಾಡುಗಳೊಡನೆ ಮದರಾಸಿಗೆ ಸೇರಿದ್ದವು. ಸೋಲಾಪುರ ಮುಂಬಯಿ ಆಧಿಪತ್ಯದ್ದು. ಅದರ ಮಗ್ಗುಲಲ್ಲಿಯೇ ಅಕ್ಕಲಕೋಟೆ, ಜತ್ತ ಸಂಸ್ಥಾನಗಳಿದ್ದವು. ಇವೆಲ್ಲಕ್ಕೂ ನಡುವೆ ಮೈಸೂರು. ಸಂತಾನ ನಿಯಂತ್ರಣದ ವಿಚಾರ ಈ ಮೂರು ಆಡಳಿತಗಳಲ್ಲಿ ಮೂರು ದಾರಿಗಳಿಂದ ಪ್ರವೇಶಿಸಿತು.

ಮುಂಬಯಿಯ ದಾರಿ ವ್ಯಕ್ತಿಗಳ ಹಠದ್ದು. ಧೋಂಡೋ ಕೇಶವ ಕರ್ವೆಯವರ ಮಗ ರಘುನಾಥ ಧೋಂಡೋ ಕರ್ವೆ 1921ರಲ್ಲಿ ಮುಂಬಯಿಯಲ್ಲಿ ಪತ್ನಿ ಮಾಲತಿಯವರೊಡನೆ ಸಂತಾನ ನಿಯಂತ್ರಣ ಸಲಹಾ ಕೇಂದ್ರವನ್ನು ತೆರೆದರು. ಗಣಿತದ ಅಧ್ಯಾಪಕರಾಗಿದ್ದ ಅವರು ಈ ಕೆಲಸಕ್ಕಾಗಿ ಕಾಲೇಜಿನ ಹುದ್ದೆಯನ್ನು ಕಳೆದುಕೊಂಡರು. 1927ರಿಂದ 1953ರಲ್ಲಿ ತೀರಿಕೊಳ್ಳುವವರೆಗೂ ‘ಸಮಾಜಸ್ವಾಸ್ಥ್ಯ’ ಎಂಬ ಮರಾಠಿ ಮಾಸಿಕವನ್ನು ನಡೆಸಿದರು. ಅಶ್ಲೀಲತೆಯ ಆರೋಪದ ಮೇಲೆ ಅವರು ನ್ಯಾಯಾಲಯವನ್ನು ಎದುರಿಸಬೇಕಾದಾಗ 1934ರ ಮೊಕದ್ದಮೆಯಲ್ಲಿ ಅವರ ಪರವಾಗಿ ವಾದಿಸಿದವರು ಬಿ. ಆರ್. ಅಂಬೇಡ್ಕರ್. ಮುಂದೆ 1938ರ ನವೆಂಬರಿನಲ್ಲಿ ಅಂಬೇಡ್ಕರರ ಪಕ್ಷದ ಪರವಾಗಿ ಪಿ. ಜೆ. ರೋಹಮ್ ಅವರು ಮುಂಬಯಿ ವಿಧಾನಸಭೆಯಲ್ಲಿ ಸಂತಾನ ನಿಯಂತ್ರಣಕ್ಕೆ ಸರ್ಕಾರ ಸೌಲಭ್ಯ ಒದಗಿಸಬೇಕೆಂಬ ಗೊತ್ತುವಳಿಯನ್ನು ಮಂಡಿಸಿದರು. ಧಾರವಾಡ, ಬೆಳಗಾವಿ, ಬಿಜಾಪುರಗಳ ಪ್ರತಿನಿಧಿಗಳೂ ಕುಳಿತಿದ್ದ ಆ ಸಭೆಯಲ್ಲಿ ಅದು ಅಂಗೀಕಾರವಾಗಲಿಲ್ಲ.

ಸೋಲಾಪುರದಲ್ಲಿ 1929ರಲ್ಲಿಯೇ ‘ಸೋಲಾಪುರ ಯೂಜೆನಿಕ್ಸ್ ಎಜುಕೇಷನ್ ಸೊಸೈಟಿ’ ಎಂಬ ಸಂಘವಿತ್ತು. ಅದರೊಡನೆ ಗುರುತಿಸಿಕೊಂಡಿದ್ದ ವೈದ್ಯ ಎ. ಪಿ. ಪಿಳ್ಳೆ ಮುಂದೆ ಮುಂಬಯಿಗೆ ಹೋಗಿ 1934ರಲ್ಲಿ ‘ಮ್ಯಾರೇಜ್ ಹೈಜೀನ್’ ಎಂಬ ಇಂಗ್ಲಿಷ್ ನಿಯತಕಾಲಿಕವನ್ನು ಆರಂಭಿಸಿದರು. ಗಿರಣಿಗಳ ಊರಾದ ಸೋಲಾಪುರದ ದುಡಿಯುವ ಕೇರಿಗಳಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಕೇಳಿಬರುತ್ತಿದ್ದವು. ಸಂಘದ ಹೆಸರಿನಲ್ಲಿಯೇ ಇದ್ದ ಸುಪ್ರಜನನದ ಕಲ್ಪನೆ ಗಮನಿಸಬೇಕಾದದ್ದು. ಯಾರು ಹೆರಬೇಕು, ಯಾರು ಹೆರಬಾರದು ಎಂಬುದನ್ನು ಬಲ್ಲವರು ನಿರ್ಧರಿಸಬಹುದೆಂಬ ನಂಬಿಕೆ ಆ ಕಲ್ಪನೆಯ ಒಳಗಿತ್ತು. ಹೆಣ್ಣಿನ ಆರೋಗ್ಯ, ಆಕೆಯ ಇಚ್ಛೆ ಎಂಬ ವಾದವೂ ಬಡವರ ಸಂಖ್ಯೆ ತಗ್ಗಬೇಕೆಂಬ ವಾದವೂ ಆರಂಭದಿಂದಲೇ ಒಂದರೊಳಗೊಂದು ಹೆಣೆದುಕೊಂಡಿದ್ದವು. ಮುಂದಿನ ಐವತ್ತು ವರ್ಷಗಳ ಚರಿತ್ರೆಯಲ್ಲಿ ಇವೆರಡರ ನಡುವಿನ ಜಗ್ಗಾಟವೇ ಮತ್ತೆಮತ್ತೆ ಕಾಣುತ್ತದೆ.

ಮದರಾಸಿನಲ್ಲಿಯೂ ಇಂಥದೇ ಎರಡು ಧಾರೆಗಳಿದ್ದವು. 1928ರ ಸುಮಾರಿಗೆ ಹುಟ್ಟಿದ ಮದರಾಸು ನವಮಾಲ್ಥೂಸಿಯನ್ ಸಂಘವು ನ್ಯಾಯಾಧೀಶರು, ವಕೀಲರು, ವಿದ್ಯಾವಂತ ಮೇಲ್ಜಾತಿಯ ಗಂಡಸರ ಕೂಟವಾಗಿತ್ತು. ಅದರ ಪತ್ರಿಕೆ ಇಂಗ್ಲಿಷಿನದು. ಅದೇ ಕಾಲದಲ್ಲಿ ಪೆರಿಯಾರ್ ಈ. ವೆ. ರಾಮಸಾಮಿಯವರ ಆತ್ಮಗೌರವ ಚಳವಳಿ ತಮಿಳಿನಲ್ಲಿ ಬೇರೆಯೇ ವಾದವನ್ನು ಮುಂದಿಟ್ಟಿತು. ದೇಶದ ಬಡತನ ನೀಗಲಿ, ತಾಯಂದಿರ ಆರೋಗ್ಯ ಸುಧಾರಿಸಲಿ ಎಂದು ಉಳಿದವರು ಗರ್ಭನಿರೋಧವನ್ನು ಬೆಂಬಲಿಸಿದರೆ, ಹೆಣ್ಣು ಸ್ವತಂತ್ರಳಾಗಲಿ ಎಂಬುದಕ್ಕಾಗಿ ತಾವು ಬೆಂಬಲಿಸುತ್ತೇವೆ ಎಂಬುದು ಪೆರಿಯಾರರ ನಿಲುವಿನ ಸಾರ. ಆಡುಮಾತಿನಲ್ಲಿ ನಡೆದ ಈ ಚರ್ಚೆ ತಮಿಳು ಬಲ್ಲ ಸಾಮಾನ್ಯರನ್ನು ತಲುಪಿತು. ಆಧಿಪತ್ಯದ ಅಂಚಿನ ಕನ್ನಡ ತಾಲ್ಲೂಕುಗಳ ಪಾಲಿಗೆ ಸಂಘದ ಇಂಗ್ಲಿಷೂ ಚಳವಳಿಯ ತಮಿಳೂ ಮನೆಮಾತಿನ ಆಚೆಯವೇ ಆಗಿದ್ದವು.

ಮೈಸೂರಿನ ದಾರಿ ಸರ್ಕಾರದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1930ರ ಜೂನ್ 11ರ ಆದೇಶದ ಮೂಲಕ ಸಂಸ್ಥಾನದ ನಾಲ್ಕು ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಸಲಹಾ ಕೇಂದ್ರಗಳನ್ನು ತೆರೆಯಲು ಮಂಜೂರಾತಿ ದೊರೆಯಿತು. ಸರ್ಕಾರವೊಂದು ತಾನೇ ಮುಂದಾಗಿ ತೆರೆದ ಇಂಥ ಕೇಂದ್ರಗಳಲ್ಲಿ ಇವು ಜಗತ್ತಿನಲ್ಲಿಯೇ ಮೊದಲಿನವೆಂದು ಸಾಮಾನ್ಯವಾಗಿ ಪರಿಗಣಿಸಲಾಗಿದೆ. ಕೆಲವು ವರ್ಷಗಳಲ್ಲಿ ಮದರಾಸು ಸರ್ಕಾರವೂ ಇದೇ ದಾರಿ ಹಿಡಿಯಲು ಒಪ್ಪಿತು. ಅಖಿಲ ಭಾರತ ಮಹಿಳಾ ಸಮ್ಮೇಳನವು 1932ರ ಲಖನೌ ಅಧಿವೇಶನದಲ್ಲಿ ಇಂಥ ಕೇಂದ್ರಗಳ ಪರವಾಗಿ ಗೊತ್ತುವಳಿ ಸ್ವೀಕರಿಸಿತು.

ಆದರೆ ಈ ಕೇಂದ್ರಗಳು ಕೊಡಬಹುದಾಗಿದ್ದುದು ಏನು? ಆ ಕಾಲದಲ್ಲಿ ವೈದ್ಯರು ಹೆಚ್ಚು ನೆಚ್ಚಿದ್ದ ಸಾಧನ ರಬ್ಬರಿನ ಡಯಾಫ್ರಮ್. ಅದನ್ನು ವೈದ್ಯೆಯೇ ಅಳತೆ ನೋಡಿ ಕೊಡಬೇಕು. ಪ್ರತಿ ಬಾರಿಯೂ ಔಷಧದ ಲೇಪನದೊಡನೆ ಧರಿಸಬೇಕು. ತೊಳೆದು, ಒಣಗಿಸಿ, ಯಾರ ಕಣ್ಣಿಗೂ ಬೀಳದಂತೆ ಇಡಬೇಕು. ನೀರು, ಬಚ್ಚಲು, ಬಾಗಿಲಿರುವ ಕೋಣೆ — ಇಷ್ಟಾದರೂ ಇದ್ದವಳಿಗೆ ಮಾತ್ರ ಅದು ಒಗ್ಗುವಂಥದು. ಅಗ್ಗದ ನೊರೆಪುಡಿಯನ್ನು ಸ್ಪಂಜಿನೊಡನೆ ಬಳಸುವ ವಿಧಾನವನ್ನು 1935–36ರಲ್ಲಿ ಭಾರತಕ್ಕೆ ಬಂದ ಮಾರ್ಗರೆಟ್ ಸ್ಯಾಂಗರ್ ಪ್ರಚಾರ ಮಾಡಿದ್ದು ಈ ಕಾರಣದಿಂದಲೇ. ವಿಧಾನದ ಆಯ್ಕೆಯು ದೇಹಕ್ಕೆ ಸಂಬಂಧಿಸಿದ್ದಷ್ಟೇ ಅಲ್ಲ, ಮನೆಯ ವಿನ್ಯಾಸಕ್ಕೂ ಸಂಬಂಧಿಸಿದ್ದು ಎಂಬುದು ಆಗಲೇ ಸ್ಪಷ್ಟವಾಗಿತ್ತು.

2. ರಾಮನಗರದ ಮಣಿಸರ

ಸ್ಯಾಂಗರ್ 1935ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರನ್ನು ಕಂಡರು. ಕೃತಕ ಸಾಧನಗಳನ್ನು ಗಾಂಧೀಜಿ ಒಪ್ಪಲಿಲ್ಲ. ಬ್ರಹ್ಮಚರ್ಯ, ಸಂಯಮಗಳೇ ದಾರಿ ಎಂಬ ನಿಲುವಿನಲ್ಲಿ ಉಳಿದರು. ತಿಂಗಳ ಕೆಲವು ದಿನ ದೂರವಿರುವ ‘ಸುರಕ್ಷಿತ ಅವಧಿ’ಯ ವಿಧಾನದಲ್ಲಿ ಸಂಯಮದ ಅಂಶವಾದರೂ ಇದೆಯೆಂದು ಅದನ್ನು ಸಾಧನಗಳಷ್ಟು ಕಟುವಾಗಿ ತಳ್ಳಿಹಾಕಲಿಲ್ಲ. ಈ ಒಂದು ಎಳೆ ಸ್ವತಂತ್ರ ಭಾರತದ ಮೊದಲ ನೀತಿಯವರೆಗೆ ಬಂದು ಮುಟ್ಟಿತು. ಗಾಂಧೀಜಿಯವರ ನಿಕಟ ಅನುಯಾಯಿಯಾಗಿದ್ದ ರಾಜಕುಮಾರಿ ಅಮೃತ್ ಕೌರ್ ಆರೋಗ್ಯ ಸಚಿವೆಯಾಗಿದ್ದರು. ಮೊದಲ ಪಂಚವಾರ್ಷಿಕ ಯೋಜನೆಯಲ್ಲಿ ಕುಟುಂಬ ಯೋಜನೆಗೆ 65 ಲಕ್ಷ ರೂಪಾಯಿ ತೆಗೆದಿರಿಸಲಾಯಿತಾದರೂ ಸಚಿವಾಲಯ ಒಲವು ತೋರಿದ್ದು ಸುರಕ್ಷಿತ ಅವಧಿಯ ವಿಧಾನಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ 1951ರ ಕೊನೆಯಲ್ಲಿ ಭಾರತಕ್ಕೆ ಬಂದರು. ಪ್ರಯೋಗಕ್ಕೆ ಆರಿಸಿಕೊಂಡ ಸ್ಥಳಗಳು ಎರಡು: ದೆಹಲಿಯ ಲೋಧಿ ಕಾಲನಿ ಮತ್ತು ಮೈಸೂರು ಸಂಸ್ಥಾನದ ರಾಮನಗರ.

ವಿಧಾನದ ತಿರುಳು ಸರಳವಾದದ್ದು. ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು ಅಂಡಾಣು ಬಿಡುಗಡೆಯಾಗುತ್ತದೆ ಎಂಬುದನ್ನು ಜಪಾನಿನ ಒಗಿನೊ, ಆಸ್ಟ್ರಿಯದ ಕ್ನಾವ್ಸ್ ಎಂಬ ವೈದ್ಯರು 1920ರ ದಶಕದಲ್ಲಿ ಬೇರೆಬೇರೆಯಾಗಿ ಕಂಡುಕೊಂಡಿದ್ದರು. ಆ ದಿನಗಳ ಆಸುಪಾಸು ಕೂಡುವುದನ್ನು ಬಿಟ್ಟರೆ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ. ಇದಕ್ಕೆ ಬೇಕಾದುದು ಲೆಕ್ಕ. ಲೆಕ್ಕಕ್ಕೆ ಬೇಕಾದುದು ಪಂಚಾಂಗ ಓದುವಷ್ಟಾದರೂ ಅಕ್ಷರಜ್ಞಾನ. ಓದುಬರಹ ಬಾರದ ಹೆಂಗಸರಿಗಾಗಿ ಸ್ಟೋನ್ ಅವರು ಯೋಜಿಸಿದ್ದು ಮಣಿಸರ. ಹಸಿರು ಮಣಿ ಎಂದರೆ ಸುರಕ್ಷಿತ ದಿನ, ಕೆಂಪು ಮಣಿ ಎಂದರೆ ಗರ್ಭ ನಿಲ್ಲಬಹುದಾದ ದಿನ. ದಿನಕ್ಕೊಂದು ಮಣಿಯನ್ನು ಸರಿಸುತ್ತ ಹೋಗಬೇಕು.

ಮುಂದೆ ಒದಗಿದ ತೊಡಕುಗಳು ಕುಟುಂಬ ಯೋಜನೆಯ ಚರಿತ್ರೆಯಲ್ಲಿ ಪದೇಪದೇ ಹೇಳಲ್ಪಟ್ಟಿವೆ, ಎಷ್ಟೋ ಸಲ ನಗೆಯ ವಸ್ತುವಾಗಿ. ರಾತ್ರಿಯ ಕತ್ತಲೆಯಲ್ಲಿ ಹಸಿರಿಗೂ ಕೆಂಪಿಗೂ ವ್ಯತ್ಯಾಸ ಕಾಣದೆ ಮಣಿಗಳ ಆಕಾರವನ್ನೇ ದುಂಡಗೆ, ಚೌಕಾಗಿ ಬದಲಿಸಬೇಕಾಯಿತು. ಮಣಿಯನ್ನು ಹಿಮ್ಮುಖವಾಗಿ ಸರಿಸದಂತೆ ಕೊಂಡಿಯನ್ನು ಸೇರಿಸಬೇಕಾಯಿತು. ಸರವನ್ನು ತಾಯಿತದಂತೆ ಭಾವಿಸಿ, ಅದು ಇದ್ದರೆ ಸಾಕು ಗರ್ಭ ನಿಲ್ಲದೆಂದು ನಂಬಿದವರಿದ್ದರು. ವಿಧಾನವನ್ನು ಕಲಿಯಲು ಆಸಕ್ತಿ ತೋರಿದವರ ಸಂಖ್ಯೆಗೂ ಕೊನೆಯವರೆಗೆ ಪಾಲಿಸಿದವರ ಸಂಖ್ಯೆಗೂ ಅಜಗಜಾಂತರವಿತ್ತು.

ಈ ಕಥೆಯನ್ನು ಹೆಂಗಸರ ಅಜ್ಞಾನದ ಕಥೆಯಾಗಿ ಓದುವುದು ಸುಲಭ. ಆದರೆ ಅದು ಸರಿಯಾದ ಓದಲ್ಲ. ಆಸಕ್ತಿ ತೋರಿದವರು ಬಹಳ ಮಂದಿ ಎಂಬುದೇ ಮುಖ್ಯ ಸಂಗತಿ. ಸಾಲುಸಾಲಾದ ಬಸುರು, ಬಾಣಂತನಗಳಿಂದ ಬಳಲಿದವಳು ದಾರಿಯೊಂದಿದ್ದರೆ ತೋರಿಸಿ ಎನ್ನುತ್ತಿದ್ದಳು. ಮೊಲೆಯೂಡಿಸುವ ತಾಯಿಯ ಮುಟ್ಟು ಕ್ರಮವಾಗಿರುವುದಿಲ್ಲ. ಪೌಷ್ಟಿಕ ಆಹಾರವಿಲ್ಲದವಳ ಮುಟ್ಟೂ ಹಾಗೆಯೇ. ಕ್ರಮ ತಪ್ಪಿದ ಮುಟ್ಟಿಗೆ ಇಪ್ಪತ್ತೆಂಟು ದಿನಗಳ ಸರ ಹೊಂದುವುದಿಲ್ಲ. ‘ಇಂದು ಬೇಡ’ ಎಂದು ಹೇಳುವ ಅಧಿಕಾರ ಹೆಂಡತಿಗಿದ್ದ ಮನೆಗಳಲ್ಲಿ ಮಾತ್ರ ಕೆಂಪು ಮಣಿಗೆ ಬೆಲೆಯಿತ್ತು. ವಿಧಾನವನ್ನು ಆರಿಸಿದ್ದು ರಾಮನಗರದ ಹೆಂಗಸರಲ್ಲ, ದೆಹಲಿಯ ಸಚಿವಾಲಯ. ಆರಿಸಲು ಕಾರಣ ವೈದ್ಯಕೀಯವಲ್ಲ, ನೈತಿಕ. ಸೋಲನ್ನು ಮಾತ್ರ ಅವರ ಲೆಕ್ಕಕ್ಕೆ ಬರೆಯಲಾಯಿತು.

ಮಣಿಸರದ ಕಲ್ಪನೆ ಸತ್ತುಹೋಗಲಿಲ್ಲ. ಐವತ್ತು ವರ್ಷಗಳ ನಂತರ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನೇ ಪರಿಷ್ಕರಿಸಿ ‘ಸೈಕಲ್‌ಬೀಡ್ಸ್’ ಎಂಬ ಹೆಸರಿನಲ್ಲಿ ತಂದರು; ಉತ್ತರ ಭಾರತದಲ್ಲಿ ಅದು ‘ಮಾಲಾ ಚಕ್ರ’ವಾಯಿತು. ಈ ಬಾರಿ ಯಾರಿಗೆ ಇದು ತಕ್ಕುದು ಎಂಬ ಪ್ರಶ್ನೆ ಮೊದಲು ಬಂತು. ಮುಟ್ಟಿನ ಚಕ್ರ 26ರಿಂದ 32 ದಿನಗಳ ಒಳಗೆ ಇರುವವರಿಗೆ ಮಾತ್ರ ಈ ವಿಧಾನ. 8ರಿಂದ 19ನೆಯ ದಿನದವರೆಗೆ ಎಚ್ಚರ. ತಪ್ಪದೆ ಪಾಲಿಸಿದರೆ ವರ್ಷದಲ್ಲಿ ನೂರಕ್ಕೆ ಸುಮಾರು 5 ಮಂದಿ, ಸಾಮಾನ್ಯ ಬಳಕೆಯಲ್ಲಿ ಸುಮಾರು 12 ಮಂದಿ ಬಸುರಾಗುತ್ತಾರೆ. ಸಾಧನ ಹೆಚ್ಚುಕಡಿಮೆ ಹಳೆಯದೇ. ಬಳಸುವವಳನ್ನು ಮೊದಲು ವಿಚಾರಿಸುವ ಪದ್ಧತಿ ಹೊಸದು.

ಸಚಿವಾಲಯದ ಹಿಂಜರಿಕೆಗೆ ಪ್ರತಿಯಾಗಿ ಎಲ್ಲ ವಿಧಾನಗಳಿಗೂ ಅವಕಾಶವಿರಬೇಕೆಂದು ಹೋರಾಡಿದವರಲ್ಲಿ ಪ್ರಮುಖರು ಧನವಂತಿ ರಾಮರಾವ್. ಕಾಶ್ಮೀರಿ ಮನೆತನದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬೆಳೆದ ಅವರು 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಸ್ಥಾಪಿಸಿದರು. 1952ರಲ್ಲಿ ಮುಂಬಯಿಯಲ್ಲಿ ಅವರು ಸಂಘಟಿಸಿದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಇಂದಿನ ಅಂತರರಾಷ್ಟ್ರೀಯ ಕುಟುಂಬ ಯೋಜನಾ ಒಕ್ಕೂಟ ರೂಪುಗೊಂಡಿತು.

3. ಗೆರೆಗಳು ಬದಲಾದ ಮೇಲೆ

1953ರಲ್ಲಿ ಆಂಧ್ರ ರಾಜ್ಯ ರಚನೆಯಾದಾಗ ಆದವಾನಿ, ಆಲೂರು, ರಾಯದುರ್ಗಗಳು ಬಳ್ಳಾರಿಯಿಂದ ಬೇರ್ಪಟ್ಟವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಹೊಸೂರು, ತಾಳವಾಡಿ, ನೀಲಗಿರಿಗಳು ಮದರಾಸಿನಲ್ಲಿಯೇ ಉಳಿದವು. ಸೋಲಾಪುರ, ಅಕ್ಕಲಕೋಟೆ, ಜತ್ತಗಳು ಮುಂಬಯಿ ರಾಜ್ಯದಲ್ಲಿದ್ದು 1960ರಲ್ಲಿ ಮಹಾರಾಷ್ಟ್ರದವಾದವು. ಕುಟುಂಬ ಯೋಜನೆ ರಾಷ್ಟ್ರವ್ಯಾಪಿ ಚಳವಳಿಯಾದದ್ದೂ ಇದೇ ವರ್ಷಗಳಲ್ಲಿ. ಹೀಗಾಗಿ ಕಾರ್ಯಕ್ರಮವು ಗಡಿನಾಡಿನ ಕನ್ನಡತಿಯನ್ನು ಮುಟ್ಟುವ ವೇಳೆಗೆ ಆಕೆಯ ಊರಿನ ಆಸ್ಪತ್ರೆ, ಶಾಲೆ, ಕಚೇರಿಗಳ ಭಾಷೆ ಬದಲಾಗಿತ್ತು. ಆರೋಗ್ಯವು ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ದೆಹಲಿಯಲ್ಲಿ ಸಿದ್ಧವಾದ ಸಂದೇಶ ರಾಜ್ಯದ ರಾಜಧಾನಿಯಲ್ಲಿ ರಾಜ್ಯಭಾಷೆಗೆ ತಿರುಗಿ, ಅಲ್ಲಿಂದ ಹಳ್ಳಿಗೆ ಇಳಿಯುತ್ತಿತ್ತು.

ಬಹುಭಾಷೆಯ ದೇಶದಲ್ಲಿ ಸಂದೇಶವನ್ನು ತಲುಪಿಸುವುದು ಹೇಗೆ ಎಂಬ ಪ್ರಶ್ನೆಗೆ 1960ರ ದಶಕದಲ್ಲಿ ಎರಡು ಉತ್ತರಗಳು ದೊರೆತವು. ಒಂದು, ಚಿಹ್ನೆ: ತಲೆಕೆಳಗಾದ ಕೆಂಪು ತ್ರಿಕೋನ. ಇನ್ನೊಂದು, ಸಂಸ್ಕೃತದ ಪದ. 1968ರಲ್ಲಿ ಸರ್ಕಾರ ಅಗ್ಗದ ಕಾಂಡೋಮನ್ನು ಮಾರುಕಟ್ಟೆಗೆ ಬಿಟ್ಟಾಗ ಅದಕ್ಕೆ ಮೊದಲು ಸೂಚಿತವಾಗಿದ್ದ ‘ಕಾಮರಾಜ’ ಎಂಬ ಹೆಸರನ್ನು, ಅದು ಕಾಂಗ್ರೆಸ್ಸಿನ ಹಿರಿಯ ನಾಯಕರ ಹೆಸರೂ ಆಗಿದ್ದುದರಿಂದ, ಕೈಬಿಟ್ಟು ‘ನಿರೋಧ್’ ಎಂಬುದನ್ನು ಆರಿಸಲಾಯಿತು. ಯೋಗಶಾಸ್ತ್ರದಲ್ಲಿ ಮನಸ್ಸಿನ ವೃತ್ತಿಗಳನ್ನು ತಡೆಯುವುದಕ್ಕೆ ಸಲ್ಲುತ್ತಿದ್ದ ಪದ ಹದಿನೈದು ಪೈಸೆಗೆ ಮೂರರ ಪೊಟ್ಟಣದ ಮೇಲೆ ಬಂತು. ಚಹಾ, ಸಿಗರೇಟು, ಸಾಬೂನು ಮಾರುವ ದೊಡ್ಡ ಕಂಪನಿಗಳ ಜಾಲದ ಮೂಲಕ ಅದು ಹಳ್ಳಿಯ ಅಂಗಡಿಗಳನ್ನು ಮುಟ್ಟಿತು. ಅದನ್ನು ತಯಾರಿಸಲು 1966ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಲ್ಯಾಟೆಕ್ಸ್ ಸಂಸ್ಥೆ ಮೊದಲು ತಿರುವನಂತಪುರದಲ್ಲಿ, 1980ರ ದಶಕದಲ್ಲಿ ಬೆಳಗಾವಿ ಜಿಲ್ಲೆಯ ಗಡಿಯಂಚಿನ ಕಣಗಲಾದಲ್ಲಿ ಕಾರ್ಖಾನೆ ನಡೆಸಿತು. ಮುಂದೆ ಬಂದ ಸರ್ಕಾರಿ ಸಾಧನಗಳ ಹೆಸರುಗಳೂ — ಮಾಲಾ, ಸಹೇಲಿ, ಅಂತರಾ, ಛಾಯಾ — ಇದೇ ಧಾಟಿಯವು. ಯಾವ ರಾಜ್ಯದಲ್ಲಿಯೂ ಉಚ್ಚರಿಸಬಹುದಾದ ಈ ಹೆಸರುಗಳು ಗುರುತಿಗೆ ಒದಗಿದವು. ಆದರೆ ಗುರುತು ತಿಳಿವಳಿಕೆಯಲ್ಲ. ಹೆಸರನ್ನು ಎಲ್ಲ ಭಾಷೆಗಳಿಗೂ ಸಾಮಾನ್ಯಗೊಳಿಸಬಹುದು, ಬಳಸುವ ವಿಧಿಯನ್ನು ಹಾಗೆ ಮಾಡಲಾಗದು.

ಇದಕ್ಕೆ ಒಳ್ಳೆಯ ನಿದರ್ಶನ ಲೂಪ್. ಜಾಕ್ ಲಿಪ್ಪೆಸ್ ರೂಪಿಸಿದ ಪ್ಲಾಸ್ಟಿಕ್ ಸಾಧನವನ್ನು 1965ರಲ್ಲಿ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಲಾಯಿತು. ಕನ್ನಡದಲ್ಲಿ ಅದಕ್ಕೆ ಬಂದ ‘ವಂಕಿ’ ಎಂಬ ಹೆಸರು ತೋಳಿನ ಒಡವೆಯನ್ನು ನೆನಪಿಸುವ, ಮನೆಮಾತಿಗೆ ಹತ್ತಿರವಾದ ಸೊಗಸಾದ ಪದ. 1965–66ರಲ್ಲಿ ದೇಶದಲ್ಲಿ 8 ಲಕ್ಷಕ್ಕೂ ಹೆಚ್ಚು, ಮರುವರ್ಷ ಸುಮಾರು 9 ಲಕ್ಷ ಹೆಂಗಸರು ಇದನ್ನು ಧರಿಸಿದರು. ಅದರ ಮರುವರ್ಷವೇ ಸಂಖ್ಯೆ 7 ಲಕ್ಷಕ್ಕಿಂತ ಕೆಳಗೆ ಇಳಿಯಿತು. ಹೆಚ್ಚು ರಕ್ತಸ್ರಾವ, ನೋವು, ಸಾಧನ ತಾನಾಗಿ ಜಾರಿಬರುವುದು — ಇವು ನಿರೀಕ್ಷಿತ ಪರಿಣಾಮಗಳೇ. ಆದರೆ ಹೀಗಾಗಬಹುದೆಂದು ಮೊದಲೇ ಹೇಳುವ, ಆದಾಗ ನೋಡುವ ವ್ಯವಸ್ಥೆ ಸಾಲದಾಗಿತ್ತು. ಗುರಿ ಮುಟ್ಟುವ ಆತುರದಲ್ಲಿ ಮಾತು ಬಿಟ್ಟುಹೋಯಿತು. ಬಿಟ್ಟುಹೋದ ಮಾತಿನ ಜಾಗವನ್ನು ಭೀತಿ ತುಂಬಿತು.

ಮದರಾಸು ರಾಜ್ಯ ಇನ್ನೊಂದು ದಾರಿ ಹಿಡಿಯಿತು. 1951ರ ಜನಗಣತಿಯ ಆಯುಕ್ತರಾಗಿದ್ದ ಆರ್. ಎ. ಗೋಪಾಲಸ್ವಾಮಿ ಅಲ್ಲಿನ ಮುಖ್ಯ ಕಾರ್ಯದರ್ಶಿಯಾದಾಗ ಗಂಡಸರ ಶಸ್ತ್ರಚಿಕಿತ್ಸೆಗೆ ಒತ್ತುಕೊಟ್ಟರು. ಚಿಕಿತ್ಸೆ ಮಾಡಿಸಿಕೊಂಡ ಬಡವರಿಗೂ ಕರೆತಂದ ಪ್ರೇರಕರಿಗೂ ಹಣ ಕೊಡುವ ಪದ್ಧತಿ ಆ ರಾಜ್ಯದಲ್ಲಿ ಬೇರೂರಿತು. ಕೇರಳದಲ್ಲಿ ಎರ್ನಾಕುಲಂ ಜಿಲ್ಲಾಧಿಕಾರಿ ಎಸ್. ಕೃಷ್ಣಕುಮಾರ್ ನಡೆಸಿದ ಶಿಬಿರಗಳು ದೇಶದ ಗಮನ ಸೆಳೆದವು: 1970ರ ಕೊನೆಯ ಶಿಬಿರದಲ್ಲಿ 15,000, 1971ರ ಜುಲೈ ಶಿಬಿರದಲ್ಲಿ 63,000ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ನಗದು, ಅಕ್ಕಿ, ಬಟ್ಟೆಗಳ ಪ್ರೋತ್ಸಾಹಧನವೂ ಜಾತ್ರೆಯ ಸಡಗರವೂ ಅಲ್ಲಿದ್ದವು. ಆಯ್ಕೆ ಎಂಬುದು ಈಗ ಹಲವು ವಿಧಾನಗಳ ನಡುವಿನದಾಗಿರದೆ, ಒಂದು ವಿಧಾನಕ್ಕೂ ಹಸಿವಿಗೂ ನಡುವಿನದಾಯಿತು.

4. ಗಂಡಸರಿಂದ ಹೆಂಗಸರಿಗೆ

1976ರ ಏಪ್ರಿಲ್ 16ರ ರಾಷ್ಟ್ರೀಯ ಜನಸಂಖ್ಯಾ ನೀತಿಯು ಕಡ್ಡಾಯ ಸಂತಾನಹರಣ ಕಾನೂನು ಮಾಡಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ಮಹಾರಾಷ್ಟ್ರದ ಶಾಸಕಾಂಗ ಅಂಥ ಮಸೂದೆಯೊಂದನ್ನು ಅಂಗೀಕರಿಸಿಯೂ ಬಿಟ್ಟಿತು. ರಾಷ್ಟ್ರಪತಿಗಳ ಅಂಕಿತ ಬೀಳದ ಕಾರಣ ಅದು ಕಾನೂನಾಗಲಿಲ್ಲ. ಕಾನೂನಿಲ್ಲದೆಯೂ ಬಲವಂತ ನಡೆದೇ ಇತ್ತು. ಸೋಲಾಪುರ ಜಿಲ್ಲೆಯ ಬಾರ್ಶಿಯಲ್ಲಿ 1976ರ ಆರಂಭದಲ್ಲಿ ಪೇಟೆಗೆ ಬಂದ ರೈತರನ್ನು ವಾಹನಗಳಿಗೆ ತುಂಬಿ ಶಸ್ತ್ರಚಿಕಿತ್ಸೆಗೆ ಒಯ್ದ ಪ್ರಕರಣ ತುರ್ತುಪರಿಸ್ಥಿತಿಯನ್ನು ಕುರಿತ ಬರಹಗಳಲ್ಲಿ ಉಲ್ಲೇಖಗೊಂಡಿದೆ. 1929ರಲ್ಲಿ ಸಂತಾನ ನಿಯಂತ್ರಣವನ್ನು ಬೋಧಿಸಲು ಸಂಘ ಕಟ್ಟಿದ ಜಿಲ್ಲೆಯಲ್ಲಿಯೇ, ಬೋಧನೆ ಅನಗತ್ಯವೆಂದು ಆಡಳಿತ ಭಾವಿಸುವ ದಿನ ಬಂದಿತು. 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ ನಡೆದ ಶಸ್ತ್ರಚಿಕಿತ್ಸೆಗಳು ಸುಮಾರು 82 ಲಕ್ಷ. ಅವುಗಳಲ್ಲಿ ಸುಮಾರು 62 ಲಕ್ಷ ಗಂಡಸರಿಗೆ. ಸಂಬಂಧಿತ ಸಾವುಗಳು 1,774 ಎಂದು ಷಾ ಆಯೋಗ ದಾಖಲಿಸಿತು.

1977ರ ಚುನಾವಣೆಯ ನಂತರ ಗಂಡಸರ ಶಸ್ತ್ರಚಿಕಿತ್ಸೆಯನ್ನು ಮುಟ್ಟಲು ಯಾವ ಸರ್ಕಾರವೂ ಧೈರ್ಯ ಮಾಡಲಿಲ್ಲ. ‘ಕುಟುಂಬ ಯೋಜನೆ’ಯು ‘ಕುಟುಂಬ ಕಲ್ಯಾಣ’ವೆಂದು ಹೆಸರು ಬದಲಿಸಿಕೊಂಡಿತು, ಗುರಿಗಳು ಉಳಿದವು, ಭಾರ ಹೆಂಗಸರ ಮೇಲೆ ಬಿತ್ತು. ವೈದ್ಯಕೀಯವಾಗಿ ಗಂಡಸರ ಶಸ್ತ್ರಚಿಕಿತ್ಸೆ ಹೆಚ್ಚು ಸರಳ, ಹೆಚ್ಚು ಸುರಕ್ಷಿತ. ಹೊಟ್ಟೆಯನ್ನು ತೆರೆಯುವ ಪ್ರಶ್ನೆಯೇ ಅಲ್ಲಿಲ್ಲ. ಹಾಗಿದ್ದೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ವಿವಾಹಿತ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದವರು. ಗಂಡಂದಿರಿಗೆ ಆದದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಆಂಧ್ರಪ್ರದೇಶದಲ್ಲಿ ಹೆಂಗಸರ ಪ್ರಮಾಣ ನೂರಕ್ಕೆ 70ರ ಹತ್ತಿರ. ಕರ್ನಾಟಕ, ತಮಿಳುನಾಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಗಡಿಯ ಎರಡೂ ಬದಿಗಳಲ್ಲಿ ಭಾಷೆ ಬೇರೆ, ಪಕ್ಷ ಬೇರೆ, ಫಲ ಒಂದೇ.

ಗಂಡಸರು ಹಿಂಜರಿದುದರಲ್ಲಿ ಭಯದೊಡನೆ ಮಾತಿನ ಲೋಪವೂ ಸೇರಿತ್ತು. ವೀರ್ಯನಾಳವನ್ನು ಕತ್ತರಿಸಿದ ಕೂಡಲೇ ಗಂಡಸು ಸಂತಾನಶಕ್ತಿಯನ್ನು ಕಳೆದುಕೊಳ್ಳುವುದಿಲ್ಲ. ನಾಳದಲ್ಲಿ ಉಳಿದ ವೀರ್ಯಾಣುಗಳು ಹೊರಹೋಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಬೇರೆ ಸಾಧನ ಬಳಸಬೇಕು, ಆಮೇಲೆ ಪರೀಕ್ಷೆ ಮಾಡಿಸಬೇಕು. ಈ ಒಂದು ಮಾತನ್ನು ತಿಳಿಯುವಂತೆ ಹೇಳದಿದ್ದರೆ ಆಗುವುದೇನು? ಗಂಡನಿಗೆ ಆಪರೇಷನ್ ಆದ ಎರಡನೆಯ ತಿಂಗಳಲ್ಲಿ ಹೆಂಡತಿ ಬಸುರಾದರೆ ಊರಿನ ಪ್ರಶ್ನೆ ವೈದ್ಯರಿಗೆ ಹೋಗುವುದಿಲ್ಲ, ಅವಳ ಶೀಲಕ್ಕೆ ಹೋಗುತ್ತದೆ. ಶಿಬಿರದಲ್ಲಿ ಉಳಿಸಿದ ಎರಡು ನಿಮಿಷದ ಮಾತು ಒಂದು ಸಂಸಾರವನ್ನು ಮುರಿಯಬಲ್ಲದು. ಹೆಂಗಸರ ಶಸ್ತ್ರಚಿಕಿತ್ಸೆಯೂ ಮೊದಲ ವರ್ಷದಲ್ಲಿ ಸಾವಿರಕ್ಕೆ ಸುಮಾರು 5 ಮಂದಿಯಲ್ಲಿ ವಿಫಲವಾಗುತ್ತದೆ. ಅದನ್ನೂ ಮೊದಲೇ ಹೇಳಬೇಕಾಗುತ್ತದೆ.

5. ‘ಆಕೆಗೆ ತಿಳಿಯುವ ಭಾಷೆ’

1994ರ ಕೈರೋ ಸಮ್ಮೇಳನದ ನಂತರ, 1996ರ ಏಪ್ರಿಲ್ 1ರಿಂದ ಭಾರತ ವಿಧಾನವಾರು ಗುರಿಗಳನ್ನು ಅಧಿಕೃತವಾಗಿ ಕೈಬಿಟ್ಟಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಯಾವ ದೇಹಸ್ಥಿತಿಗೆ ಯಾವ ವಿಧಾನ ತಕ್ಕುದೆಂಬುದನ್ನು ನಾಲ್ಕು ವರ್ಗಗಳಲ್ಲಿ ವಿಂಗಡಿಸಿ ಮಾರ್ಗಸೂಚಿ ಹೊರಡಿಸಿತು. ಆಯ್ಕೆಗೆ ಶಾಸ್ತ್ರವೂ ದೊರೆಯಿತು, ನೀತಿಯ ಬೆಂಬಲವೂ ದೊರೆಯಿತು. ಆದರೆ ಶಿಬಿರಗಳು ನಿಲ್ಲಲಿಲ್ಲ. 2012ರ ಜನವರಿಯಲ್ಲಿ ಬಿಹಾರದ ಅರರಿಯಾ ಜಿಲ್ಲೆಯ ಶಾಲೆಯೊಂದರಲ್ಲಿ ಸುಮಾರು ಎರಡು ಗಂಟೆಗಳಲ್ಲಿ 53 ಹೆಂಗಸರಿಗೆ ಶಸ್ತ್ರಚಿಕಿತ್ಸೆ ನಡೆಯಿತು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರಗಳ ನಂತರ 13 ಹೆಂಗಸರು ಸತ್ತರು.

ರಮಾಕಾಂತ ರಾಯ್ ಪ್ರಕರಣದಲ್ಲಿ 2005ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಸಮ್ಮತಿಪತ್ರ ಮತ್ತು ತಪಶೀಲು ಪಟ್ಟಿಗಳನ್ನು ಕಡ್ಡಾಯ ಮಾಡಿತ್ತು. ದೇವಿಕಾ ಬಿಸ್ವಾಸ್ ಪ್ರಕರಣದ 2016ರ ಸೆಪ್ಟೆಂಬರ್ 14ರ ತೀರ್ಪು ಅಲ್ಲಿಂದ ಮುಂದೆ ಹೋಯಿತು. ಮೂರು ವರ್ಷಗಳೊಳಗೆ ಶಿಬಿರಪದ್ಧತಿ ಕೊನೆಗೊಳ್ಳಬೇಕು. ಪಟ್ಟಿಯ ಅಂಶಗಳನ್ನೂ ಶಸ್ತ್ರಚಿಕಿತ್ಸೆಯ ಪರಿಣಾಮಗಳನ್ನೂ ಆ ವ್ಯಕ್ತಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಆಮೇಲೆಯೂ ಮನಸ್ಸು ಬದಲಿಸಲು ಸುಮಾರು ಒಂದು ಗಂಟೆಯ ಬಿಡುವು ಕೊಡಬೇಕು ಎಂಬುವು ಅದರ ಮುಖ್ಯ ನಿರ್ದೇಶನಗಳಲ್ಲಿ ಸೇರಿವೆ. ತಿಳಿಯುವ ಭಾಷೆ ಎಂಬ ಮಾತು ಗಡಿನಾಡಿನ ಮಟ್ಟಿಗೆ ತೂಕವುಳ್ಳದ್ದು. ರಾಜ್ಯದ ಭಾಷೆಯಲ್ಲಿ ಅಚ್ಚಾದ ನಮೂನೆ ಆಡಳಿತಕ್ಕೆ ಸ್ಥಳೀಯ ಭಾಷೆಯದೇ ಇರಬಹುದು. ಮಂಜೇಶ್ವರದ, ತಾಳವಾಡಿಯ, ಜತ್ತದ ಹೆಣ್ಣಿಗೆ ಅದು ತಿಳಿಯುವ ಭಾಷೆಯದಾಗಿರಲೇಬೇಕೆಂದಿಲ್ಲ. ಸ್ಥಳೀಯ ಭಾಷೆಯ ಅಳತೆಗೋಲು ರಾಜ್ಯದ್ದು. ತಿಳಿಯುವ ಭಾಷೆಯ ಅಳತೆಗೋಲು ವ್ಯಕ್ತಿಯದು. ಸಂತೆಯ ವ್ಯವಹಾರಕ್ಕೆ ಸಾಲುವಷ್ಟು ಮರಾಠಿ ಅಥವಾ ಮಲಯಾಳ ಬಲ್ಲವಳಿಗೆ ಮುಟ್ಟು, ಗರ್ಭಕೋಶ, ರಕ್ತಸ್ರಾವಗಳ ಮಾತಿಗೆ ಆ ಭಾಷೆ ಒದಗದೆ ಹೋಗಬಹುದು. ದ್ವಿಭಾಷಿಕತೆಯನ್ನು ಅಳೆಯುವ ವಿದ್ವಾಂಸರು ಸಾಮಾನ್ಯವಾಗಿ ಶಾಲೆ, ಕಚೇರಿ, ಮಾರುಕಟ್ಟೆಗಳನ್ನು ನೋಡುತ್ತಾರೆ. ಹೆರಿಗೆಯ ಕೋಣೆ ಅಷ್ಟಾಗಿ ಅವರ ಕಣ್ಣಿಗೆ ಬೀಳುವುದಿಲ್ಲ.

ಈಚೆಗೆ ವಿಧಾನಗಳ ಪಟ್ಟಿ ಬೆಳೆದಿರುವುದು ಮಾತಿನ ಅಗತ್ಯವನ್ನು ಇನ್ನಷ್ಟು ಹೆಚ್ಚಿಸಿದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಮೊದಲು ‘ಸಹೇಲಿ’ಯಾಗಿ, ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಛಾಯಾ’ ಆಗಿ ದೊರೆಯುವ ಗುಳಿಗೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಅನಂತರ ವಾರಕ್ಕೆ ಒಂದು ಸಲ ತೆಗೆದುಕೊಳ್ಳಬೇಕು. ‘ಅಂತರಾ’ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ಅದರಿಂದ ಮುಟ್ಟು ಏರುಪೇರಾಗಬಹುದು, ನಿಂತೇ ಹೋಗಬಹುದು. ಬಿಟ್ಟ ಮೇಲೆ ಮತ್ತೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು. ಇದನ್ನು ತಿಳಿಸದಿದ್ದರೆ ಮುಟ್ಟು ನಿಂತವಳು ಬಸುರೆಂದೋ ರೋಗವೆಂದೋ ಹೆದರುತ್ತಾಳೆ. ಎಳೆಗೂಸಿಗೆ ಹಾಲೂಡಿಸುತ್ತಿರುವವಳು ಈಸ್ಟ್ರೋಜನ್ ಇರುವ ಸಾಮಾನ್ಯ ಗುಳಿಗೆಯನ್ನು ಮೊದಲ ಆರು ತಿಂಗಳು ತೆಗೆದುಕೊಳ್ಳದಿರುವುದು ಲೇಸು. ಬಾಣಂತನಕ್ಕೆ ತವರಿಗೆ ಹೋಗುವ ರೂಢಿ ರಾಜ್ಯದ ಗಡಿಯನ್ನು ಲೆಕ್ಕಿಸುವುದಿಲ್ಲ. ತವರಿನ ಆಸ್ಪತ್ರೆಯಲ್ಲಿ ಆರಂಭವಾದ ವಿಧಾನ ಗಂಡನ ಮನೆಯ ಆಸ್ಪತ್ರೆಯಲ್ಲಿ ಮುಂದುವರಿಯಬೇಕಾದಾಗ ಕೈಯಲ್ಲಿರುವ ಕಾರ್ಡು ಬೇರೊಂದು ಲಿಪಿಯದಾಗಿರುತ್ತದೆ.

ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ಬಗ್ಗೆ 1956ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಜ್ಞಾಪನಪತ್ರದಿಂದ ಬೆಳೆದುಬಂದ ಒಪ್ಪಂದದಂತೆ, ಅಲ್ಪಸಂಖ್ಯಾತರು ಜನಸಂಖ್ಯೆಯ ನೂರಕ್ಕೆ 15ರಿಂದ 20ರಷ್ಟಿರುವ ಪ್ರದೇಶಗಳಲ್ಲಿ ಮುಖ್ಯ ಪ್ರಕಟಣೆ, ನಿಯಮಗಳು ಅವರ ಭಾಷೆಯಲ್ಲಿಯೂ ಹೊರಬರಬೇಕು. ಸಂವಿಧಾನದ 350ಎ ವಿಧಿ ಮಾತೃಭಾಷೆಯ ಪ್ರಾಥಮಿಕ ಶಿಕ್ಷಣವನ್ನೂ 350ಬಿ ವಿಧಿ ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿಯನ್ನೂ ಹೇಳುತ್ತವೆ. ಗಡಿನಾಡ ಕನ್ನಡಿಗರ ಹೋರಾಟಗಳು ಈ ಆಧಾರಗಳ ಮೇಲೆ ಶಾಲೆ, ಪಠ್ಯಪುಸ್ತಕ, ನೇಮಕಾತಿಗಳ ಸುತ್ತ ನಡೆದುಬಂದಿವೆ. ಅದು ಸಹಜವೂ ಅಗತ್ಯವೂ ಹೌದು. ಆದರೆ ರಕ್ಷಣೆಯ ಈ ಚೌಕಟ್ಟಿನಲ್ಲಿ ಪ್ರಕಟಣೆಗೆ ಸ್ಥಾನವಿದೆ, ಸಮ್ಮತಿಗೆ ಇಲ್ಲ. ಕಂದಾಯದ ನೋಟೀಸನ್ನು ಕನ್ನಡದಲ್ಲಿ ಕೇಳುವ ಹಕ್ಕನ್ನು ಗುರುತಿಸಿದ ವ್ಯವಸ್ಥೆ, ಮರಳಿ ಸರಿಪಡಿಸಲಾಗದ ಶಸ್ತ್ರಚಿಕಿತ್ಸೆಯ ಒಪ್ಪಿಗೆಯನ್ನು ಕನ್ನಡದಲ್ಲಿ ಕೇಳುವ ಹಕ್ಕನ್ನು ಅಷ್ಟೇ ಸ್ಪಷ್ಟವಾಗಿ ಗುರುತಿಸಿರಲಿಲ್ಲ. ಆ ಕೊರತೆಯನ್ನು 2016ರ ತೀರ್ಪು ವ್ಯಕ್ತಿಯ ಕಡೆಯಿಂದ ತುಂಬುತ್ತದೆ. ಅದಕ್ಕೆ ಜನಸಂಖ್ಯೆಯ ಪ್ರಮಾಣ ಬೇಕಾಗಿಲ್ಲ. ಆಸ್ಪತ್ರೆಗೆ ಬಂದ ಕನ್ನಡತಿ ಒಬ್ಬಳೇ ಆದರೂ ಹಕ್ಕು ಪೂರ್ಣವಾದದ್ದೇ.

ರಾಮನಗರದಲ್ಲಿ ಅಕ್ಷರದ ಬದಲು ಮಣಿ ಬಂತು. 1960ರ ದಶಕದಲ್ಲಿ ಮಾತಿನ ಬದಲು ತ್ರಿಕೋನ ಬಂತು. ಶಿಬಿರಗಳಲ್ಲಿ ವಿವರಣೆಯ ಬದಲು ಹಣ ಬಂತು. ತುರ್ತುಪರಿಸ್ಥಿತಿಯಲ್ಲಿ ಇವೆಲ್ಲದರ ಬದಲು ವಾಹನ ಬಂತು. ಪ್ರತಿ ಘಟ್ಟದಲ್ಲಿಯೂ ಸಂಭಾಷಣೆಯನ್ನು ತಪ್ಪಿಸುವ ಉಪಾಯವೊಂದು ದೊರೆಯಿತು, ಪ್ರತಿ ಬಾರಿಯೂ ಅದರ ಬೆಲೆಯನ್ನು ತೆತ್ತವರು ವಿಧಾನವನ್ನು ಬಳಸಬೇಕಾಗಿದ್ದವರೇ. ಗಡಿನಾಡುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ಸಮ್ಮತಿಪತ್ರದ, ಸಲಹಾಕಾರ್ಡಿನ ಕನ್ನಡ ಪ್ರತಿ ಇರುವುದು, ಅದನ್ನು ಓದಿ ಹೇಳಬಲ್ಲ ದಾದಿಯೊಬ್ಬಳಿರುವುದು ದೊಡ್ಡ ಬೇಡಿಕೆಯಲ್ಲ. 1930ರಲ್ಲಿ ನಾಲ್ಕು ಆಸ್ಪತ್ರೆಗಳ ಬಾಗಿಲು ತೆರೆದಾಗ ಉದ್ದೇಶಿಸಿದ್ದ ಸಲಹೆ ಎಂಬ ಕೆಲಸ ಪೂರ್ಣವಾಗಬೇಕಾದರೆ ಅಷ್ಟು ಆಗಲೇಬೇಕು.